ವರ್ತನೆಯ ಅರ್ಥ, ಬೆಂಬಲದ ಅರ್ಥ
ಅಂಗವೈಕಲ್ಯವುಳ್ಳವರ ಪಾಲನೆಯ ತತ್ತ್ವವೊಂದರ ವಿಮರ್ಶೆ

೧

ಸಾಹಿತ್ಯ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಅಂಗವೈಕಲ್ಯವುಳ್ಳವರ ವರ್ತನೆಯನ್ನು ಕುರಿತ ಲೇಖನಕ್ಕೆ ಎಡೆಯುಂಟೇ ಎಂದು ಕೆಲವರು ಸಂದೇಹಪಡಬಹುದು. ಅದು ಮನಶ್ಶಾಸ್ತ್ರಜ್ಞರಿಗೂ ವೈದ್ಯರಿಗೂ ಸಲ್ಲುವ ವಿಷಯವೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಈ ವಿಷಯದ ತಿರುಳು ಅರ್ಥನಿರ್ಣಯವೇ ಎಂಬುದು ಗೋಚರವಾಗುತ್ತದೆ. ಮಾತು ಬಾರದ ಹುಡುಗನೊಬ್ಬನು ಉಣ್ಣುವ ಹೊತ್ತಿಗೆ ತನ್ನ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ. ಮನೆಯವರು ಅದನ್ನು ಹಠವೆನ್ನುತ್ತಾರೆ, ನೆರೆಯವರು ಹುಚ್ಚೆನ್ನುತ್ತಾರೆ, ಇನ್ನು ಕೆಲವರು ಪೂರ್ವಜನ್ಮದ ಕರ್ಮವೆನ್ನುತ್ತಾರೆ. ಈ ಮೂರೂ ವ್ಯಾಖ್ಯಾನಗಳೇ. ವ್ಯಾಖ್ಯಾನ ತಪ್ಪಿದರೆ ಪದ್ಯದ ಸ್ವಾರಸ್ಯ ಕೆಡುವುದಷ್ಟೆ. ಇಲ್ಲಿ ವ್ಯಾಖ್ಯಾನ ತಪ್ಪಿದರೆ ಒಂದು ಜೀವ ಕೆಡುತ್ತದೆ.

ನಮ್ಮ ಅಲಂಕಾರಿಕರು ಈ ಬಗೆಯ ತೊಡಕನ್ನು ಅರಿಯದವರಲ್ಲ. ವ್ಯಂಗ್ಯಾರ್ಥವು ಹೊಳೆಯಬೇಕಾದರೆ ಹೇಳುವವನಾರು, ಕೇಳುವವನಾರು, ದನಿಯ ಏರಿಳಿತವೆಂತು, ಪ್ರಸ್ತಾವವೇನು, ದೇಶಕಾಲಗಳಾವುವು ಎಂಬಿವನ್ನು ವಿಚಾರಿಸಬೇಕೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ವಿಧಿಸಿದ್ದಾನೆ. ಹೊತ್ತು ಮುಳುಗಿತೆಂಬ ಒಂದೇ ಮಾತು ದನಗಾಹಿಗೆ ಒಂದರ್ಥವನ್ನೂ ಕಳ್ಳನಿಗೆ ಮತ್ತೊಂದರ್ಥವನ್ನೂ ಕೊಡುತ್ತದೆ. ವಾಕ್ಯಕ್ಕೆ ಸಲ್ಲುವ ಈ ನ್ಯಾಯ ವರ್ತನೆಗೂ ಸಲ್ಲುತ್ತದೆಯೆಂಬುದೇ ಇತ್ತೀಚಿನ ದಶಕಗಳಲ್ಲಿ ರೂಪುಗೊಂಡ ಒಂದು ಪಾಲನಾತತ್ತ್ವದ ಸಾರ. ಅದನ್ನು ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯ ಕೃತಿಪರಂಪರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ತತ್ತ್ವದ ಸ್ವರೂಪವನ್ನು ನಿರೂಪಿಸಬೇಕು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಕೆಲವು ಪಾಲನಾಲಯಗಳಲ್ಲಿ ಬುದ್ಧಿವೈಕಲ್ಯವುಳ್ಳವರು ತಮ್ಮನ್ನು ತಾವೇ ಘಾಸಿಗೊಳಿಸಿಕೊಳ್ಳುವುದನ್ನು ನಿಲ್ಲಿಸಲು ಶಿಕ್ಷೆಯನ್ನು, ವಿದ್ಯುದಾಘಾತವನ್ನು ಕೂಡ, ಪ್ರಯೋಗಿಸುತ್ತಿದ್ದರು. ೧೯೭೭ರಲ್ಲಿ ಎಡ್ವರ್ಡ್ ಕಾರ್ ಎಂಬ ವಿದ್ವಾಂಸನು ಇಂಥ ವರ್ತನೆಗೆ ಇರಬಹುದಾದ ಪ್ರೇರಣೆಗಳನ್ನು ವಿಂಗಡಿಸಿ ವಿಮರ್ಶಿಸಿದನು. ೧೯೮೨ರಲ್ಲಿ ಬ್ರಯನ್ ಇವಾಟನೂ ಅವನ ಸಂಗಡಿಗರೂ ಒಂಬತ್ತು ಮಂದಿಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿರಿಸಿ ಪರೀಕ್ಷಿಸಿದರು. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಬಡಿತಕ್ಕೆ ಎಲ್ಲರಲ್ಲಿಯೂ ಒಂದೇ ಕಾರಣವಿಲ್ಲವೆಂಬುದು ಆಗ ವ್ಯಕ್ತವಾಯಿತು. ಒಬ್ಬನು ಇತರರ ಗಮನವನ್ನು ಬಯಸುತ್ತಾನೆ. ಇನ್ನೊಬ್ಬನು ತನ್ನಿಂದಾಗದ ಕೆಲಸದಿಂದ ತಪ್ಪಿಸಿಕೊಳ್ಳಬಯಸುತ್ತಾನೆ. ಮತ್ತೊಬ್ಬನಿಗೆ ಒಂದು ವಸ್ತು ಬೇಕಾಗಿದೆ. ಮಗದೊಬ್ಬನಿಗೆ ಆ ಇಂದ್ರಿಯಾನುಭವವೇ ಬೇಕಾಗಿದೆ. ೧೯೮೫ರಲ್ಲಿ ಕಾರ್ ಮತ್ತು ಡ್ಯುರಂಡ್ ಇಬ್ಬರೂ ಒಂದು ಹೆಜ್ಜೆ ಮುಂದೆ ಹೋದರು. ನೆರವನ್ನಾಗಲಿ ಗಮನವನ್ನಾಗಲಿ ಕೇಳಿಕೊಳ್ಳಲು ಮಕ್ಕಳಿಗೆ ಒಂದು ಚಿಕ್ಕ ಮಾತನ್ನು ಕಲಿಸಿದಾಗ, ಅದುವರೆಗೆ ಆ ಮಾತಿನ ಕೆಲಸವನ್ನು ಮಾಡುತ್ತಿದ್ದ ಉಪದ್ರವ ತಾನಾಗಿಯೇ ಇಳಿಯಿತೆಂದು ಅವರು ತೋರಿಸಿದರು. ೧೯೯೦ರಲ್ಲಿ ರಾಬರ್ಟ್ ಹಾರ್ನರ್ ಮೊದಲಾದವರು ನೋವಿಲ್ಲದ ಬೆಂಬಲವೆಂಬ ಹೆಸರಿನಿಂದ ಈ ವಿಧಾನಗಳನ್ನು ಒಂದು ವ್ಯವಸ್ಥೆಗೆ ತಂದರು.

ಈ ತತ್ತ್ವಕ್ಕೆ ಕನ್ನಡದಲ್ಲಿ ‘ಸಕಾರಾತ್ಮಕ ವರ್ತನಾ ಬೆಂಬಲ’ ಎಂಬ ಹೆಸರನ್ನು ಕೊಡಬಹುದು. ಪದಶಃ ಇದು ಸರಿಯೇ. ಆದರೆ ‘ಸಕಾರಾತ್ಮಕ’ವೆಂಬ ಮಾತು ಎಲ್ಲಕ್ಕೂ ಹೂಂಗುಟ್ಟುವುದೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ‘ವರ್ತನೆ’ಗೆ ಬದಲಾಗಿ ‘ನಡತೆ’ಯೆಂದರೆ ಶಾಲೆಯ ನಡತೆಯ ಪ್ರಮಾಣಪತ್ರ ನೆನಪಾಗಿ ಗುಣದೋಷಗಳ ತೀರ್ಪು ಒಳನುಗ್ಗುತ್ತದೆ, ಆದುದರಿಂದ ‘ವರ್ತನೆ’ಯೇ ಮೇಲು. ‘ಬೆಂಬಲ’ ಮಾತ್ರ ಅತ್ಯಂತ ಉಚಿತವಾದ ಪದ. ಬೆನ್ನಿಗೆ ನಿಂತ ಬಲವೇ ಬೆಂಬಲ. ಅದು ಮುಂದೆ ನಿಂತು ಎಳೆಯುವುದಲ್ಲ, ಮೇಲೆ ನಿಂತು ಅದುಮುವುದೂ ಅಲ್ಲ. ‘ಹಿತಬೆಂಬಲ’ ಎನ್ನೋಣವೆಂದರೆ ವೈಯಾಕರಣರು ಅರಿಸಮಾಸವೆಂದು ಆಕ್ಷೇಪಿಸುವರು. ಸಮಾಸ ಕೆಟ್ಟರೂ ಅರ್ಥ ಕೆಡಬಾರದೆಂಬುದಷ್ಟೇ ನಮ್ಮ ಆಗ್ರಹ. ಪ್ರಾಸಂಗಿಕವಾಗಿ ಇನ್ನೊಂದು ಮಾತು: ಅಂಗವಿಕಲರಿಗೆ ಗೌರವವಾಚಕವೆಂದು ಬಳಕೆಗೆ ಬಂದಿರುವ ‘ವಿಕಲಚೇತನ’ ಶಬ್ದವನ್ನು ಬಿಡಿಸಿ ನೋಡಿದರೆ ಚೇತನವೇ ವಿಕಲವಾದವನೆಂದಾಗುತ್ತದೆ. ಅಂಗಕ್ಕಿದ್ದ ಊನವನ್ನು ಚೇತನಕ್ಕೆ ಏರಿಸಿದುದರಲ್ಲಿ ಗೌರವವೇನಿದೆಯೋ ತಿಳಿಯದು.

೩

ಊನವಾದ ಅಂಗವನ್ನು ಊನವಾದ ಚೇತನದ ಗುರುತಾಗಿ ಓದುವ ಅಭ್ಯಾಸ ನಮ್ಮ ಸಾಹಿತ್ಯದಲ್ಲಿ ಹಳೆಯದು. ಇದಕ್ಕೆ ಜನ್ನನ ಯಶೋಧರಚರಿತೆಗಿಂತ (೧೨೦೯) ಉತ್ತಮ ನಿದರ್ಶನ ದೊರೆಯಲಾರದು. ಜನ್ನನು ಈ ಸೀಮೆಯವನಲ್ಲ. ಆದರೆ ಓಲೆಗರಿಗಳ ಭಂಡಾರಕ್ಕೂ ಸಾವಿರ ಕಂಬದ ಬಸದಿಗೂ ಪ್ರಸಿದ್ಧವಾದ ಮೂಡಬಿದಿರೆಯ ಜೈನ ಪರಂಪರೆಗೆ ಅವನ ಕಾವ್ಯದ ವಸ್ತು ಪರಕೀಯವಲ್ಲ. ರಾಣಿ ಅಮೃತಮತಿ ಇರುಳಿನಲ್ಲಿ ಮಾವಟಿಗನೊಬ್ಬನ ಹಾಡನ್ನು ಕೇಳಿ ಮನಸೋಲುತ್ತಾಳೆ. ಅವನನ್ನು ಕಂಡುಬಂದ ಕೆಳದಿ ಅವನ ವಿಕಾರವಾದ ಒಂದೊಂದು ಅಂಗವನ್ನೂ ಎಣಿಸಿ ಹೇಸುತ್ತಾಳೆ. ಮುಂದೆ ಆ ಮಾವಟಿಗನು ತಡವಾಗಿ ಬಂದಳೆಂದು ರಾಣಿಯನ್ನು ಹೊಡೆಯುತ್ತಾನೆ. ಹೀಗೆ ವಕ್ರವಾದ ದೇಹ, ವಕ್ರವಾದ ವರ್ತನೆ ಎರಡೂ ಒಂದನ್ನೊಂದು ಸಮರ್ಥಿಸುತ್ತವೆ. ಅವನ ಕಂಠದ ಮಾಧುರ್ಯ ಮಾತ್ರ ಈ ಲೆಕ್ಕಕ್ಕೆ ಸೇರದೆ ಉಳಿಯುತ್ತದೆ. ಅದನ್ನು ಅವನ ವ್ಯಕ್ತಿತ್ವದ ಅಂಶವಾಗಿ ಕವಿ ಬೆಳೆಸಲಿಲ್ಲ.

ಆದರೆ ಇದೇ ಕಾವ್ಯದ ಹೃದಯದಲ್ಲಿ ಇದಕ್ಕೆ ವಿರುದ್ಧವಾದ ಒಂದು ವಿವೇಕವಿದೆ. ಯಶೋಧರನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಜೀವದ ಕೋಳಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ರಕ್ತ ಹರಿಯಲಿಲ್ಲ, ಆದರೂ ಕೊಲ್ಲುವ ಸಂಕಲ್ಪವೇ ಹಿಂಸೆಯಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಈ ಸಂಕಲ್ಪಹಿಂಸೆಯ ವಿಚಾರ ಪಾಲನಾಕ್ಷೇತ್ರಕ್ಕೆ ನೇರವಾಗಿ ಅನ್ವಯಿಸುತ್ತದೆ. ಮಗುವನ್ನು ಹೊಡೆಯುವುದಿಲ್ಲ, ಆದರೆ ಗೋಡೆಗೆ ಬೆತ್ತವನ್ನು ತೂಗುಹಾಕಿದ್ದೇವೆ. ಕಟ್ಟುವುದಿಲ್ಲ, ಆದರೆ ಕಟ್ಟುತ್ತೇವೆಂದು ಹೆದರಿಸುತ್ತೇವೆ. ಉಪವಾಸ ಕೆಡಹುವುದಿಲ್ಲ, ಆದರೆ ತಟ್ಟೆಯನ್ನು ಕಣ್ಣಿಗೆ ಕಾಣುವಂತೆ ದೂರವಿಡುತ್ತೇವೆ. ಇವೆಲ್ಲ ಹಿಟ್ಟಿನ ಕೋಳಿಗಳೇ. ಬರಿಯ ಹೆದರಿಕೆಯಿಂದ ಅಡಗಿದ ವರ್ತನೆಯನ್ನು ಸುಧಾರಣೆಯೆಂದು ಎಣಿಸುವವರಿಗೆ ಜನ್ನನ ಕಾವ್ಯದಲ್ಲಿ ಉತ್ತರವಿದೆ. ಮಾವಟಿಗನ ವರ್ಣನೆಯನ್ನು ಆಕ್ಷೇಪಿಸಲು ಹೊರಗಿನ ಮಾನದಂಡ ಬೇಕಾಗಿಲ್ಲ. ಕವಿಯ ಧರ್ಮವೇ ಕವಿಯ ವರ್ಣನೆಯನ್ನು ತಿದ್ದುವಷ್ಟು ಸಮರ್ಥವಾಗಿದೆ.

೪

ಬೆಳ್ತಂಗಡಿಯ ಕಡೆಗೆ ಬಂದರೆ ವರ್ತನೆಯನ್ನು ಓದುವ ಬೇರೊಂದು ಪದ್ಧತಿ ಎದುರಾಗುತ್ತದೆ. ಸಿರಿಯ ಪಾಡ್ದನ ತುಳುನಾಡಿನ ಮಹಾಕಾವ್ಯ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಅದನ್ನು ಧ್ವನಿಮುದ್ರಿಸಿಕೊಂಡು ಫಿನ್ಲೆಂಡಿನ ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮೊದಲಾದವರ ಸಹಕಾರದಿಂದ ೧೯೯೮ರಲ್ಲಿ ಪ್ರಕಟಿಸಿದರು. ಅದರ ಸಾಲುಗಳ ಸಂಖ್ಯೆ ೧೫,೬೮೩. ಗಂಡನನ್ನು ತೊರೆದು ಹೊರಟ ಸಿರಿ, ಅವಳ ಮಗ ಕುಮಾರ, ಮಗಳು ಸೊನ್ನೆ, ಚೆನ್ನೆಯಾಟದ ಜಗಳದಲ್ಲಿ ಸತ್ತ ಅವಳಿಗಳಾದ ಅಬ್ಬಗ ದಾರಗರು ಇದರ ಪಾತ್ರಗಳು. ಈ ಕಥೆಯ ಸುತ್ತ ಬೆಳೆದ ಸಿರಿಜಾತ್ರೆಗಳಲ್ಲಿ ಮನೆಯಲ್ಲಿ ಊಟ ಬಿಟ್ಟು, ಮಾತು ಬಿಟ್ಟು, ಕಾರಣವಿಲ್ಲದೆ ಅಳುವ ಹೆಂಗಸರು ಹಿಂಗಾರವನ್ನು ಹಿಡಿದು ನಿಲ್ಲುತ್ತಾರೆ. ಕುಮಾರನ ಪಾತ್ರವನ್ನು ವಹಿಸಿದವನು ಅವರನ್ನು ಗದರಿಸಿ ಸುಮ್ಮನಾಗಿಸುವುದರಿಂದ ತೊಡಗುವುದಿಲ್ಲ. ನೀನು ಯಾರು, ನಿನಗೇನು ಬೇಕು ಎಂದು ಕೇಳುತ್ತಾನೆ. ಕುಟುಂಬದವರು ಬಳಿಯಲ್ಲಿಯೇ ನಿಂತು ಆ ಉತ್ತರವನ್ನು ಕೇಳಬೇಕಾಗುತ್ತದೆ.

ಪ್ರಶ್ನೆಯ ಸ್ವರೂಪವನ್ನು ಗಮನಿಸಬೇಕು. ಇದನ್ನು ನಿಲ್ಲಿಸುವುದು ಹೇಗೆ ಎಂಬುದು ಮೊದಲ ಪ್ರಶ್ನೆಯಲ್ಲ. ಇದು ಏನನ್ನು ಹೇಳುತ್ತಿದೆ ಎಂಬುದು ಮೊದಲ ಪ್ರಶ್ನೆ. ಈ ಮಟ್ಟಿಗೆ ಸಿರಿಯ ಆಚರಣೆಗೂ ಹೊಸ ತತ್ತ್ವಕ್ಕೂ ಹೋಲಿಕೆಯಿದೆ. ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ವಿಮರ್ಶೆಯ ಪ್ರಾಮಾಣಿಕತೆಗೆ ಸಲ್ಲದು. ಸಿರಿಯ ಆಚರಣೆ ಬುದ್ಧಿವೈಕಲ್ಯವುಳ್ಳವರಿಗಾಗಿ ಏರ್ಪಟ್ಟುದಲ್ಲ. ವೈದ್ಯಕ್ಕೆ ಅದು ಬದಲೂ ಅಲ್ಲ. ಅಲ್ಲದೆ ಅಲ್ಲಿ ದೊರೆಯಬಹುದಾದ ಉತ್ತರಗಳು ಕಥೆಯಲ್ಲಿ ಮೊದಲೇ ನಿಶ್ಚಿತವಾಗಿವೆ. ಬಾಯಿಲ್ಲದ ಹುಡುಗನ ಕಥೆಯನ್ನಾದರೋ ಯಾರೂ ಮೊದಲೇ ಹಾಡಿಟ್ಟಿಲ್ಲ. ಅದನ್ನು ದಿನದಿನದ ಅವಲೋಕನದಿಂದಲೇ ಸಂಗ್ರಹಿಸಬೇಕು.

೫

ಆಧುನಿಕ ಕಾದಂಬರಿ ಈ ಅವಲೋಕನದ ಕಲೆಯನ್ನು ನಮಗೆ ಕಲಿಸಿದೆ. ತ್ರಿವೇಣಿಯವರ (೧೯೨೮–೧೯೬೩) ಶರಪಂಜರ ೧೯೭೧ರಲ್ಲಿ ಚಲನಚಿತ್ರವಾಗಿ ಮನೆಮಾತಾಯಿತು. ಬಾಣಂತಿತನದಲ್ಲಿ ಮನಸ್ಸು ಕದಡಿದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ಅಲ್ಲಿಂದ ಮುಂದೆ ಅವಳು ನಕ್ಕರೂ ಸಿಟ್ಟಾದರೂ ಸುಮ್ಮನಿದ್ದರೂ ಅದು ಹುಚ್ಚಿನ ಚಿಹ್ನೆಯಾಗಿಯೇ ಸುತ್ತಣವರಿಗೆ ತೋರುತ್ತದೆ. ಕೊನೆಗೆ ಆ ದೃಷ್ಟಿಯೇ ಅವಳನ್ನು ಮತ್ತೆ ಕೆಡವುತ್ತದೆ. ಮನಸ್ಸಿನ ಕಾಯಿಲೆಯೂ ಬುದ್ಧಿವೈಕಲ್ಯವೂ ಒಂದೇ ಅಲ್ಲವೆಂಬುದನ್ನು ವಾಚಕರು ಮರೆಯಬಾರದು. ಆದರೆ ವರ್ತನೆಯ ಕಾರಣವನ್ನು ವ್ಯಕ್ತಿಯ ಒಳಗೆ ಮಾತ್ರ ಹುಡುಕುವವರು ತಾವೇ ಆ ಕಾರಣದ ಭಾಗವಾಗಿರುವುದನ್ನು ಕಾಣಲಾರರೆಂಬ ತ್ರಿವೇಣಿಯವರ ದರ್ಶನ ಎರಡಕ್ಕೂ ಸಮಾನ. ಪಂಜರವನ್ನು ಕಟ್ಟಿದವರು ಪಂಜರದೊಳಗಣ ಹಕ್ಕಿಯ ಬಡಿದಾಟವನ್ನು ದೂರುತ್ತಾರೆ.

ಚಾರ್ಮಾಡಿಯ ಘಟ್ಟವನ್ನೇರಿದರೆ ಮೂಡಿಗೆರೆ. ಅಲ್ಲಿಯ ಕಾಡುಮೇಡುಗಳ ಕಥೆಯಾದ ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ (೧೯೮೦) ಇದೇ ಸತ್ಯದ ಇನ್ನೊಂದು ಮುಖವನ್ನು ತೋರಿಸುತ್ತದೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಅವನು ಹುಟ್ಟಾ ನಿಸರ್ಗಶೋಧಕ. ಮಂದಣ್ಣ ಅಂಗವಿಕಲನಲ್ಲ, ಅವನನ್ನು ಇಲ್ಲಿ ಹೆಸರಿಸುವುದಕ್ಕೆ ಕಾರಣ ಬೇರೆ. ಕರ್ವಾಲೊ ಅವನನ್ನು ತಿದ್ದಲು ಹೊರಡಲಿಲ್ಲ. ಅವನು ಏನನ್ನು ನೋಡಬಲ್ಲನೋ ಅದಕ್ಕೆ ಬೆಲೆಯಿರುವ ಒಂದು ಕೆಲಸದಲ್ಲಿ ಅವನನ್ನು ಜೊತೆಗಿರಿಸಿಕೊಂಡರು. ಬೆಂಬಲವೆಂಬ ಮಾತಿಗೆ ಕನ್ನಡ ಗದ್ಯದಲ್ಲಿ ಇದಕ್ಕಿಂತ ಒಳ್ಳೆಯ ಭಾಷ್ಯ ವಿರಳ.

ಬಂಟವಾಳದಲ್ಲಿ ೧೮೭೪ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನೂ ಇಲ್ಲಿ ಸ್ಮರಿಸುವುದು ಉಚಿತ. ಅಧ್ಯಾಪಕರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದ ಅವರು ಮಕ್ಕಳ ಪದ್ಯಗಳಲ್ಲಿ ಉಪದೇಶಕ್ಕಿಂತ ಲಯವನ್ನು ನಂಬಿದರು. ಒಂದೇ ಧ್ವನಿ ಮರಳಿ ಮರಳಿ ಬರುವುದರಿಂದ ಮುಂದೇನು ಬರುವುದೆಂದು ಮಗು ತಾನೇ ಊಹಿಸಿ ಅದಕ್ಕಾಗಿ ಕಾದು, ಬಂದಾಗ ಹಿಗ್ಗುತ್ತದೆ. ದಿನದ ಕ್ರಮ ಮುಂಚಿತವಾಗಿ ಗೊತ್ತಿದ್ದರೆ ಗಾಬರಿ ಕಡಿಮೆಯಾಗುತ್ತದೆಂಬುದು ಹೊಸ ತತ್ತ್ವದ ಮುಖ್ಯ ವಿಧಾನಗಳಲ್ಲೊಂದು. ಪಂಜೆಯವರು ಅದನ್ನು ಶಾಸ್ತ್ರವಾಗಿ ಹೇಳಲಿಲ್ಲ, ಪಲ್ಲವಿಯಾಗಿ ಬರೆದರು.

೬

ಇಷ್ಟು ವಿಚಾರವೂ ಗ್ರಂಥಾಲಯದಲ್ಲಿಯೇ ಉಳಿಯತಕ್ಕುದಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಗೇರುತೋಟಗಳ ಮೇಲೆ ೧೯೮೦ರ ದಶಕದಿಂದ ೨೦೦೦ದವರೆಗಿನ ಕಾಲದಲ್ಲಿ ಎಂಡೋಸಲ್ಫಾನ್ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಗಡಿಯಾಚೆಯ ಕಾಸರಗೋಡಿನಲ್ಲಿ, ಕನ್ನಡಿಗರೂ ತುಳುವರೂ ನೆಲಸಿರುವ ಪಡ್ರೆ ಮೊದಲಾದ ಊರುಗಳಲ್ಲಿ, ಅದೇ ವಿಷ ಅದೇ ರೀತಿಯಲ್ಲಿ ಬಿದ್ದಿತು. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶಾದ್ಯಂತ ತಡೆಹಿಡಿಯಿತು. ಅಷ್ಟರಲ್ಲಿ ಬುದ್ಧಿವೈಕಲ್ಯ, ಮೂರ್ಛೆ, ಬಹುವಿಧ ಅಂಗವೈಕಲ್ಯಗಳಿಂದ ನರಳುವ ಮಕ್ಕಳು ಆ ಊರುಗಳಲ್ಲಿ ಬೆಳೆದು ಯುವಕರಾಗಿದ್ದರು. ಸರಕಾರ ಸಂತ್ರಸ್ತರಿಗೆ ಮಾಸಾಶನವನ್ನು ಗೊತ್ತುಪಡಿಸಿತು. ಕೊಕ್ಕಡದಲ್ಲಿಯೂ ಕೊಯ್ಲದಲ್ಲಿಯೂ ದಿನಪಾಲನಾ ಕೇಂದ್ರಗಳು ಸ್ಥಾಪಿತವಾದುವು. ಮಾಸಾಶನದಿಂದ ಅಕ್ಕಿ ಬರುತ್ತದೆ, ಔಷಧ ಬರುತ್ತದೆ. ಆದರೆ ನಡುಹಗಲಿನಲ್ಲಿ ಕಿರುಚಿ ಕೈಕಚ್ಚಿಕೊಳ್ಳುವ ಇಪ್ಪತ್ತೈದು ವರ್ಷದ ಮಗನ ಮುಂದೆ ಐವತ್ತು ವರ್ಷದ ತಾಯಿ ಏನು ಮಾಡಬೇಕೆಂಬುದು ಅದರಿಂದ ತಿಳಿಯುವುದಿಲ್ಲ.

ಲೇಖನದ ಮೊದಲಿನಲ್ಲಿ ಊಹಿಸಿಕೊಂಡ ಹುಡುಗನನ್ನೇ ಮತ್ತೆ ತೆಗೆದುಕೊಳ್ಳೋಣ. ತತ್ತ್ವವು ಅವನ ತಾಯಿಗೆ ಹೇಳುವುದಿಷ್ಟು: ಒಂದೆರಡು ವಾರ ಬರೆದಿಡಿ. ಬಡಿತ ಯಾವ ಹೊತ್ತಿಗೆ ಬಂತು, ಅದಕ್ಕೆ ಮುಂಚೆ ಏನು ನಡೆಯಿತು, ಅನಂತರ ಏನಾಯಿತು? ಎಲ್ಲಕ್ಕೂ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ ಇವೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ. ನೋವನ್ನು ಹೇಳಲಾರದವನು ಅದನ್ನು ಬಡಿದು ತೋರಿಸುವುದುಂಟು. ಗಂಜಿ ಬಿಸಿಯಾಗಿದ್ದ ದಿನಗಳಲ್ಲಿ ಮಾತ್ರ ಬಡಿತ ಬಂದಿತೆಂದು ಟಿಪ್ಪಣಿಯಿಂದ ತಿಳಿದರೆ ಗಂಜಿಯನ್ನು ಆರಿಸಿ ಕೊಡುವುದೇ ಚಿಕಿತ್ಸೆ. ಜನ ಸೇರಿದ ದಿನಗಳಲ್ಲಿ ಬಂದಿತೆಂದರೆ ಅವನಿಗೆ ಜಗಲಿಯ ಮೂಲೆಯಲ್ಲಿ ಬೇರೆ ಎಲೆ ಹಾಕಬೇಕು. ಸಾಕೆಂದು ಹೇಳಲು ಬಾರದುದರಿಂದ ಬಂದಿತೆಂದರೆ ತಟ್ಟೆಯನ್ನು ಕೈಯಿಂದ ಸರಿಸುವ ಸಂಜ್ಞೆಯನ್ನು ಕಲಿಸಬೇಕು. ಮತ್ತು ಅವನು ಸರಿಸಿದಾಗ ಅದನ್ನು ಮನ್ನಿಸಬೇಕು. ಈ ಕೊನೆಯ ಮಾತೇ ಎಲ್ಲಕ್ಕಿಂತ ಕಷ್ಟ. ಸಂಜ್ಞೆಯನ್ನು ಕಲಿಸಿ, ಅದನ್ನು ಬಳಸಿದಾಗ ಇನ್ನೊಂದು ತುತ್ತನ್ನು ಬಾಯಿಗೆ ತುರುಕಿದರೆ ಅವನು ಗೋಡೆಗೇ ಮರಳುವನು. ಗೋಡೆಯಾದರೂ ಒಮ್ಮೆಯೂ ಅವನ ಮಾತನ್ನು ತಳ್ಳಿಹಾಕಲಿಲ್ಲ.

೭

ಇನ್ನು ಈ ತತ್ತ್ವದ ಇತಿಮಿತಿಗಳು. ಮೊದಲನೆಯದಾಗಿ, ವರ್ತನೆ ಕಡಿಮೆಯಾಯಿತೆಂಬ ಲೆಕ್ಕವನ್ನೇ ಯಶಸ್ಸಿನ ಅಳತೆಯಾಗಿ ಹಿಡಿಯುವ ಅಪಾಯವಿದೆ. ಸದ್ದಿಲ್ಲದೆ ಮೂಲೆಯಲ್ಲಿ ಕುಳಿತಿರುವವನು ಸುಖಿಯಾಗಿದ್ದಾನೆಂದು ಹೇಳುವಂತಿಲ್ಲ. ಸ್ವಲೀನತೆಯುಳ್ಳವರೇ ಬರೆದ ಆಕ್ಷೇಪಗಳಲ್ಲಿ ಇದು ಮುಖ್ಯವಾದುದು: ತಮ್ಮನ್ನು ವಿಧೇಯರನ್ನಾಗಿಸಿದರೇ ಹೊರತು ತಮಗೆ ಬೇಕಾದುದೇನೆಂದು ಕೇಳಲಿಲ್ಲವೆಂದು ಅವರು ದೂರುತ್ತಾರೆ. ಕೈಯಾಡಿಸುವುದು, ತೂಗಾಡುವುದು ಮೊದಲಾದ ನಿರುಪದ್ರವಿಯಾದ ಅಭ್ಯಾಸಗಳನ್ನು ನೋಡುವವರ ಸಂಕೋಚಕ್ಕಾಗಿ ಅಳಿಸಹೊರಟರೆ ಬೆಂಬಲವು ಹಿಟ್ಟಿನ ಕೋಳಿಯ ಬಲಿಯಾಗುತ್ತದೆ. ಯಾರ ಹಿತಕ್ಕಾಗಿ ಈ ಬದಲಾವಣೆ ಎಂಬ ಪ್ರಶ್ನೆ ತತ್ತ್ವಕ್ಕೆ ಹೊರಗಿನದಲ್ಲ. ಅದೇ ಅದರ ತಳಹದಿ.

ಎರಡನೆಯದಾಗಿ, ಬರೆದಿಡು, ಗಮನಿಸು, ಆರಿಸು, ಕಲಿಸು ಎಂಬ ಕ್ರಿಯಾಪದಗಳಿಗೆಲ್ಲ ಕರ್ತೃ ಸಾಮಾನ್ಯವಾಗಿ ತಾಯಿಯೇ. ಹಗಲೆಲ್ಲ ಬೀಡಿ ಕಟ್ಟಿಯೋ ತೋಟದ ಕೆಲಸ ಮಾಡಿಯೋ ಬಂದವಳಿಗೆ ಈ ವಿಧಾನ ಇನ್ನೊಂದು ಹೊರೆಯಾಗಬಾರದು. ಬೆನ್ನಿಗೆ ಬಲ ಬೇಕಾದುದು ಮಗನಿಗಷ್ಟೇ ಅಲ್ಲ. ತರಬೇತಿ ಪಡೆದವರು ಮನೆಗೇ ಬಂದು ಜೊತೆಗೂಡಿದಾಗ ಮಾತ್ರ ತತ್ತ್ವ ಫಲಿಸುತ್ತದೆ. ಹಾಳೆಯ ಮೇಲೆ ಬರೆದು ಕೈಗಿತ್ತ ಉಪದೇಶದಿಂದ ಫಲಿಸದು.

ಮೂರನೆಯದಾಗಿ, ಕಾನೂನು. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದ ೨೮ ಮಂದಿ ಓಡಲಾರದೆ ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಕ್ರೂರವೂ ಅಮಾನವೀಯವೂ ಆದ ನಡವಳಿಕೆಯಿಂದ ರಕ್ಷಣೆಯನ್ನು ವಿಧಿಸಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ತಡೆದಿದೆ. ಆದರೆ ಕಾಯಿದೆ ಹೇಳುವುದು ಮಾಡಬಾರದುದನ್ನು. ಬೆತ್ತವನ್ನು ಕೆಳಗಿರಿಸಿದ ಕೈ ಮುಂದೆ ಏನು ಮಾಡಬೇಕೆಂಬುದನ್ನು ಅದು ಕಲಿಸಲಾರದು. ಆ ಎಡೆಯನ್ನು ತುಂಬುವುದು ಇಂಥ ತತ್ತ್ವಗಳ ಕೆಲಸ.

೮

ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಪಾಲಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಮನೆಗಳಿಂದಲೇ ಬರುತ್ತಾರೆ. ತರಗತಿಯಲ್ಲಿ ಅವರು ಹೇಳದ ತಮ್ಮನೋ ತಂಗಿಯೋ ಮನೆಯಲ್ಲಿರುವುದುಂಟು. ಪದ್ಯದ ಒಂದು ಸಾಲನ್ನು ಅರ್ಥೈಸುವಾಗ ಅವಸರಪಡಬಾರದು, ಸಂದರ್ಭವನ್ನು ಬಿಟ್ಟು ತೀರ್ಪು ಕೊಡಬಾರದು, ಮೊದಲು ಹೊಳೆದ ಅರ್ಥವನ್ನೇ ಕೊನೆಯದೆಂದು ಹಿಡಿಯಬಾರದು ಎಂದು ನಾವು ದಿನವೂ ಬೋಧಿಸುತ್ತೇವೆ. ಆ ಶಿಸ್ತನ್ನು ಮನೆಯ ಜಗಲಿಗೆ ಕೊಂಡೊಯ್ಯಬಲ್ಲ ವಿದ್ಯಾರ್ಥಿಯೊಬ್ಬನು ತಯಾರಾದರೂ ನಮ್ಮ ಅಲಂಕಾರಶಾಸ್ತ್ರ ಸಾರ್ಥಕವಾಯಿತು. ಸಹೃದಯನೆಂದರೆ ಸಮಾನವಾದ ಹೃದಯವುಳ್ಳವನೆಂದು ಪೂರ್ವಿಕರು ನಿರ್ವಚನ ಮಾಡಿದ್ದಾರೆ. ಆ ಹೃದಯಕ್ಕೆ ನಿಜವಾದ ಪರೀಕ್ಷೆ ಛಂದಸ್ಸಿನಲ್ಲಿ ಮಾತನಾಡುವ ಕವಿಯ ಮುಂದೆ ನಡೆಯುವುದಿಲ್ಲ. ಮಾತೇ ಇಲ್ಲದೆ ಗೋಡೆಯನ್ನು ಬಡಿಯುತ್ತಿರುವ ಹುಡುಗನ ಮುಂದೆ ನಡೆಯುತ್ತದೆ.